ತಂತಿ ಮುಟ್ಟದ ಬಿಲ್ಲೆ

ಧಾರವಾಡದ ಅಂಬಾ ಕುಲಕರ್ಣಿ ಮದುವೆಯಾಗಿ ಪುಣೆಯ ಕೋಥರೂಡಕ್ಕೆ ಬಂದವರು. ಇಲ್ಲಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಎಲೆಕ್ಟ್ರಾನಿಕ್ಸ್ ಕಲಿಸಿದರು. ವಿದ್ಯಾರ್ಥಿಗಳು ಕಡಿಮೆಯಾಗಿ ಆ ವಿಭಾಗವೇ ಮುಚ್ಚಿದಾಗ ವಯಸ್ಸು ಐವತ್ತರ ಹತ್ತಿರ. ಸುಮ್ಮನೆ ಕೂರಲಾಗದೆ ಪುಣೆ ಸಮೀಪದ ಕೈಗಾರಿಕಾ ಪ್ರದೇಶ ರಾಂಜಣಗಾಂವದ ಸಣ್ಣದೊಂದು ಆಂಟೆನಾ ಕಂಪನಿಯ ಪರೀಕ್ಷಾ ವಿಭಾಗ ಸೇರಿದರು.

ಅವರು ಕಂಡಿದ್ದ ಆಂಟೆನಾಗಳೆಲ್ಲ ಲೋಹದವು. ಇಲ್ಲಿಯದೋ ಪೇಡೆಯಷ್ಟು ಗಾತ್ರದ ಬಿಳಿ ಪಿಂಗಾಣಿ ಬಿಲ್ಲೆ. ಅದರಡಿಯ ತಾಮ್ರದ ತಗಡಿನಲ್ಲಿ ಸಣ್ಣ ಸೀಳು. ಬಿಲ್ಲೆಗೆ ಒಂದು ತಂತಿಯೂ ಮುಟ್ಟಿಲ್ಲ. ಸೀಳಿನಿಂದ ಮೇಲೇರಿದ ಮೈಕ್ರೋವೇವ್ ಅಲೆ ಬಿಲ್ಲೆಯೊಳಗೆ ಅನುರಣಿಸಿ ಹೊರಗೆ ಹರಡುತ್ತದೆ ಎಂದು ತಂಡದ ಮುಖ್ಯಸ್ಥ, ಮಗನ ವಯಸ್ಸಿನ ಅಮೇಯ, ವಿವರಿಸಿದ. ಸಮೀಕರಣ ಅರ್ಥವಾಯಿತು, ಬಿಲ್ಲೆ ಅರ್ಥವಾಗಲಿಲ್ಲ.

“ಕರೆಂಟೇ ಹರಿಯಂಗಿಲ್ರೀ ಅದರಾಗ. ಅದು ಸಿಗ್ನಲ್ ಕಳಸ್ತದ ಅಂದ್ರ ಹ್ಯಾಂಗ ನಂಬಲಿ?” ಎಂದು ಗಂಡ ಕೃಷ್ಣಾಜಿಯನ್ನು ಕೇಳಿದರು.

“ನಮ್ಮ ಉಪ್ಪಿನಕಾಯಿ ಭರಣಿನೂ ಪಿಂಗಾಣೀದ ಅದ. ಅದೇನೂ ಕಳಸಿಲ್ಲ ಇನ್ನೂ,” ಎಂದರು ಅವರು, ಪೇಪರಿನಿಂದ ತಲೆಯೆತ್ತದೆ.

ಆಮೇಲೆ ಪರೀಕ್ಷೆಗೆ ಬಂದ ಹೊಸ ಕಂತಿನಲ್ಲಿ ಪ್ರತಿ ಆಂಟೆನಾದ ಆವರ್ತನವೂ ಇರಬೇಕಾದ್ದಕ್ಕಿಂತ ಹೆಚ್ಚು ಬಂತು. ಅಂಬಾ ಕೇಬಲ್ ಬದಲಿಸಿ ಮತ್ತೆ ಅಳೆದರು. ಅದೇ ಉತ್ತರ. ಅಳೆಯುವುದರಲ್ಲಿ ತಮ್ಮದೇ ತಪ್ಪಿರಬೇಕೆಂದು ಒಳಗೊಳಗೇ ಅಳುಕಿದರು. ಬೇಸತ್ತು ಬಿಲ್ಲೆಯನ್ನು ಬೆರಳಿನಿಂದ ಒತ್ತಿದಾಗ ಅಳೆಯುವ ಯಂತ್ರದ ಪರದೆಯಲ್ಲಿ ಆವರ್ತನ ತೋರಿಸುವ ಗೆರೆ ಸರಿದು ಸರಿಯಾದ ಜಾಗಕ್ಕೆ ಬಂತು. ಬೆರಳು ತೆಗೆದರೆ ಮತ್ತೆ ಮೊದಲಿನಂತೆ.

ಅಮೇಯನನ್ನು ಕರೆದು ತೋರಿಸಿದರು. “ಬೆರಳಿನಲ್ಲಿ ನೀರಿನಂಶ ಇರುತ್ತಲ್ಲ ಮ್ಯಾಡಮ್, ಅದೂ ಆವರ್ತನ ಇಳಿಸುತ್ತದೆ. ಅದನ್ನು ನಂಬಬೇಡಿ,” ಎಂದು ಅವನು ಮರಾಠಿಯಲ್ಲಿ ಹೇಳಿ ಹೋದ.

ಗೆರೆಯನ್ನು ಸರಿಸಿದ್ದು ಬೆರಳಿನ ನೀರೋ, ಒತ್ತಿದ್ದೋ? ಕಂಪನಿಯ ಬಸ್ಸಿನಲ್ಲಿ ಮನೆಯವರೆಗೂ ಅದೇ ಯೋಚನೆ. ಅಡುಗೆಗೆ ಎರಡು ಸಲ ಉಪ್ಪು ಬಿತ್ತು.

ಮರುದಿನ ಹಳೇ ಪೆಟ್ಟಿಗೆಯೊಂದರಿಂದ ಥರ್ಮೋಕೋಲ್ ತುಂಡು ಮುರಿದುಕೊಂಡರು. ಅಲೆಗೆ ಥರ್ಮೋಕೋಲ್ ಹೆಚ್ಚುಕಡಿಮೆ ಗಾಳಿಯಿದ್ದಂತೆ. ಅದರಿಂದ ಒತ್ತಿದಾಗಲೂ ಗೆರೆ ಸರಿದು ಆವರ್ತನ ಇಳಿಯಿತು. ಹಾಗಾದರೆ ಸರಿಸಿದ್ದು ಬರೀ ಬೆರಳಲ್ಲ, ಬಿಲ್ಲೆಗೂ ತಾಮ್ರಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದು ಆವರ್ತನ ಏರಿಸುತ್ತಿದೆ, ಒತ್ತಿದರೆ ಆ ಸಂದು ಮುಚ್ಚುತ್ತದೆ ಎಂದಾಯಿತು. ಅಮೇಯ ತಾನೂ ಒತ್ತಿ ನೋಡಿದ. ಈ ಕಂತಿನಲ್ಲಿ ಬಿಲ್ಲೆ ಕೂರಿಸಲು ಬಳಸಿದ ಹೊಸ ಅಂಟು ಒಣಗುವಾಗ ಬಿಲ್ಲೆಯನ್ನು ಎತ್ತುತ್ತಿರಬಹುದೆಂದು, ಭಾರ ಹೇರಿ ಒಣಗಿಸಲು ಹೇಳಿದ. ಹಾಗೆ ಒಣಗಿಸಿದವು ಬಹುಪಾಲು ಸರಿಹೋದವು.

ಆದರೂ ಕೆಲವು ಸರಿಹೋಗಲಿಲ್ಲ. ಅಂಬಾ ಒಂದನ್ನು ಬಿಚ್ಚಿ ನೋಡಿದರು. ಅಂಟು ತೆಳ್ಳಗೆ, ಸಮನಾಗಿಯೇ ಇತ್ತು.

“ಇದಕ್ಕೇನಾಗಿದೆ?”

“ಗೊತ್ತಿಲ್ಲ ಮ್ಯಾಡಮ್,” ಎಂದ ಅಮೇಯ, ಚಹಾ ಕುಡಿಯುತ್ತ, ಯಾವ ಸಂಕೋಚವೂ ಇಲ್ಲದೆ.

ತರಗತಿಯಲ್ಲಿ ತಾವು ‘ಗೊತ್ತಿಲ್ಲ’ ಎಂಬ ಮಾತನ್ನು ಒಮ್ಮೆಯೂ ಆಡಿದ ನೆನಪು ಅಂಬಾಗೆ ಇರಲಿಲ್ಲ. ಅವನ ನಿರಾಳತೆಗೆ ಸಿಟ್ಟು ಬರಬೇಕಿತ್ತೋ, ಸಮಾಧಾನವಾಗಬೇಕಿತ್ತೋ, ಅದೂ ತಿಳಿಯಲಿಲ್ಲ. ಬಿಲ್ಲೆಯನ್ನು ಬೆಳಕಿಗೆ ಹಿಡಿದು ಹೊರಳಿಸಿ ನೋಡುತ್ತ ಕುಳಿತರು.