ಹತ್ತು, ಒಂದು ಕೂದಲು ಕೆಳಗೆ

ಹತ್ತಿಗೆ ಬಿದ್ದ ಗುಂಡು ಸದ್ದು ಮಾಡುವುದಿಲ್ಲ. ತಗಡಿಗೆ ಹೊಡೆದರೆ ಠಣ್ ಅನ್ನುತ್ತದೆ, ಹಲಗೆಗೆ ಹೊಡೆದರೆ ಟಕ್ ಅನ್ನುತ್ತದೆ, ಹೊಡೆದವರಿಗೆ ಏನೋ ಒಂದು ಉತ್ತರ ಸಿಗುತ್ತದೆ. ಹತ್ತಿ ಹಾಗಲ್ಲ, ನುಂಗಿ ಸುಮ್ಮನಿದ್ದುಬಿಡುತ್ತದೆ. ಅದಕ್ಕೇ ನಮ್ಮ ಗೋದಾಮಿನಲ್ಲಿ ಒಬ್ಬರು ಹೊಡೆಯುವುದು, ಇನ್ನೊಬ್ಬರು ಹೋಗಿ ನೋಡಿ ಕೂಗಿ ಹೇಳುವುದು ಎಂಬ ಪದ್ಧತಿ ಇತ್ತು. ಅದಕ್ಕೆ ಇಬ್ಬರು ಬೇಕು. ನಾವು ಇಬ್ಬರೇ ಇದ್ದೆವು, ನಾನು ಮತ್ತು ನನ್ನ ಗಂಡ. ಈಗ ನಾನೊಬ್ಬಳೇ ಇದ್ದೇನೆ.

ಆದೋನಿಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ಊರ ಹೊರಗೆ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು, ಅದರ ಹಿಂದೆ ಕಲ್ಲುಗೋಡೆಯ ಹಳೆಯ ಗೋದಾಮು. ನಮ್ಮ ಸೀಮೆಯಲ್ಲಿ ಬಂದೂಕು ಅಂದ ಕೂಡಲೇ ಜನ ದನಿ ತಗ್ಗಿಸುತ್ತಾರೆ. ಯಾರ ಜೊತೆ ಜಗಳ, ಯಾರ ಹೆದರಿಕೆ ಎಂದು ಕೇಳುತ್ತಾರೆ. ಸುಮ್ಮನೆ ಖುಷಿಗೆ ಗುರಿ ಹೊಡೆಯುತ್ತೇವೆ ಅಂದರೆ ಯಾರೂ ನಂಬುವುದಿಲ್ಲ. ನನ್ನ ಮಾವನವರ ಕಾಲದ ಜೋಡುನಳಿಗೆ ಬಂದೂಕೊಂದು ಲೈಸೆನ್ಸಿನ ಮೇಲೆ ಮನೆಯಲ್ಲಿತ್ತು. ಮಹಾನವಮಿಗೆ ಪೂಜೆ ಮಾಡಿಸಿಕೊಳ್ಳುವುದು, ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಹೋಗಿ ಕೂರುವುದು, ಇವೆರಡೇ ಅದರ ಕೆಲಸ. ಪ್ರತಿ ಸಲವೂ ನಮ್ಮವರು ಅದಕ್ಕೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದು ಠಾಣೆಯಲ್ಲೇ ಇದೆ. ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು ಎಂದರು, ನಾನು ಹೋಗಲಿಲ್ಲ. ಅದರ ಮೇಲೆ ನನಗೆ ಯಾವ ಮೋಹವೂ ಇರಲಿಲ್ಲ.

ಮೋಹ ಇದ್ದದ್ದು ಏರ್ ರೈಫಲ್ ಮೇಲೆ. ನಮಗೆ ಮಕ್ಕಳಿಲ್ಲ. ಐವತ್ತು ದಾಟಿದ ಮೇಲೆ ಭಾನುವಾರಗಳು ಬಹಳ ಉದ್ದವಾದವು. ಬೇರೆಯವರು ಆಗ ಮಂತ್ರಾಲಯಕ್ಕೋ ಉರುಕುಂದಕ್ಕೋ ಓಡಾಡುತ್ತಾರೆ. ನಮ್ಮವರಿಗೆ ಮೊಬೈಲಿನಲ್ಲಿ ಶೂಟಿಂಗ್ ಪಂದ್ಯ ನೋಡುವ ಹುಚ್ಚು ಹತ್ತಿತು. ಒಂದು ದಿನ ನನ್ನನ್ನೂ ಕರೆದುಕೊಂಡು ಹೈದರಾಬಾದಿನ ಬಂದೂಕಿನ ಅಂಗಡಿಗೆ ಹೋದರು. ನಾವು ಕೊಂಡದ್ದು ಲೈಸೆನ್ಸ್ ಬೇಡದ ಬಗೆಯದು, ಗುರುತಿನ ಚೀಟಿ ತೋರಿಸಿದರೆ ಸಾಕಾಗಿತ್ತು. ಅಂಗಡಿಯವನು ಎಲ್ಲ ಮಾತನ್ನೂ ಅವರ ಜೊತೆಗೇ ಆಡಿದ. ಕೊನೆಗೆ ನನ್ನ ಕಡೆ ನೋಡಿ, ಆಟಿಕೆಯಂಥದ್ದೊಂದನ್ನು ಮುಂದಿಟ್ಟು, ಮೇಡಂಗೆ ಇದು ಸಾಕು, ಹಗುರ ಇದೆ ಅಂದ.

ನಮ್ಮವರು ಅದನ್ನು ಹಿಂದಕ್ಕೆ ತಳ್ಳಿದರು. "ಆಕಿ ಹಮಾಲರ ಮುಂದ ನಿಂತು ತೂಕ ಹಾಕಿಸ್ತಾಳ, ಒಬ್ಬನೂ ತುಟಿ ಪಿಟಕ್ ಅನ್ನಲ್ಲ. ಆಕಿಗೆ ಹಗುರದ್ದು ಯಾಕ? ಆ ದೊಡ್ಡದು ತೆಗೀರಿ." ಆ ಮಾತು ಅಂಗಡಿಯವನಿಗೆ ಎಷ್ಟು ತಿಳಿಯಿತೋ, ನನಗಂತೂ ಮದುವೆಯಲ್ಲಿ ಹಾಕಿದ ಬಂಗಾರಕ್ಕಿಂತ ಹೆಚ್ಚು ಹಿಡಿಸಿತು.

ಗುರಿಗೆ ಕಾಗದ ತರಿಸೋಣ ಅಂದರೆ ನಮ್ಮವರು ಬೇಡ ಅಂದರು. ಹತ್ತಿಯವರ ಮನೆಯಲ್ಲಿ ಬೇಲುಗಳಿಗೆ ಬರವೇ? ಬೀಜ ತೆಗೆದ ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ, ಮೇಲೆ ಗೋಣಿ ಹೊದಿಸಿ, ಕಬ್ಬಿಣದ ಪಟ್ಟಿ ಬಿಗಿದರೆ ಒಂದು ಬೇಲು. ಅದರೊಳಗೆ ಹೋದ ಸೀಸದ ಗುಂಡು ನಾಲ್ಕು ಬೆರಳು ಆಳದಲ್ಲಿ ನಿಂತುಬಿಡುತ್ತದೆ. ಅಂಥ ಒಂದು ಹಳೆಯ ಬೇಲನ್ನು ಗೋಡೆಗೆ ಒತ್ತಿ, ಇನ್ನೊಂದರ ಮೇಲೆ ಅಡ್ಡ ಮಲಗಿಸಿದೆವು. ದೇವರ ಮನೆಯ ವಿಭೂತಿ ಗಟ್ಟಿ ತಂದು ಗೋಣಿಯ ಮೇಲೆ ಎರಡು ಬಿಳಿ ಚಕ್ರ ಬರೆದರು. ಎಡಗಡೆಯದು ಅವರದು, ಬಲಗಡೆಯದು ನನ್ನದು. ನಡುವಿನ ಬೊಟ್ಟು ಹತ್ತು, ಹೊರಗೆ ಹೋದಷ್ಟೂ ಕಡಿಮೆ. ವಿಭೂತಿಗೆ ಗುಂಡು ಹೊಡೆಯುತ್ತೀರಾ ಎಂದು ನಾನು ಕೇಳಿದರೆ, "ಶಿವಗ ಇಂಥಾವು ಭಾಳ ನೋಡಿ ರೂಢಿ ಐತಿ" ಅಂದರು.

ಗುಂಡು ಗೋಣಿಯನ್ನು ಹರಿಯುವುದಿಲ್ಲ, ಎಳೆಗಳನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗುತ್ತದೆ. ನೋಡಲು ಹೋದವರು ಸರಿದ ಎಳೆ ಹುಡುಕಿ, ಎಲ್ಲಿ ಬಿದ್ದಿದೆ ಎಂದು ಕೂಗಿ, ಅಂಗೈಯಿಂದ ಉಜ್ಜಿ ಎಳೆ ಕೂಡಿಸಿ, ಮೇಲೆ ವಿಭೂತಿ ಸವರಿ ಬರಬೇಕು. ಆಮೇಲೆ ಅಲ್ಲಿ ಏನೂ ಬಿದ್ದೇ ಇಲ್ಲ ಅನ್ನುವ ಹಾಗಿರುತ್ತದೆ. ನನ್ನದು ಮೊದಲೇ ಕನ್ನಡಕದ ಕಣ್ಣು, ದೂರದಿಂದ ಬಿಳಿ ಚಕ್ರ ಕಂಡರೆ ಪುಣ್ಯ. ಅವರ ಕಟ್ಟುನಿಟ್ಟಿನ ನಿಯಮ ಒಂದಿತ್ತು: ಹೊಡೆದವರು ತಾವು ನಿಂತ ಗೆರೆ ದಾಟಬಾರದು, ನಳಿಗೆ ಕೆಳಗಿಟ್ಟು ಅಲ್ಲೇ ನಿಲ್ಲಬೇಕು. ನೋಡುವುದು ಇನ್ನೊಬ್ಬರ ಕೆಲಸ. ಎಲ್ಲ ಕಡೆಯೂ ಹೀಗೇ, ಇದು ಜೀವದ ಪ್ರಶ್ನೆ ಅನ್ನುತ್ತಿದ್ದರು. ನನಗೂ ಸರಿ ಕಂಡಿತು.

"ಉಸುರು ಅರ್ಧ ಬಿಡು. ಈಗ ತಡಿ. ಬೆರಳಿಗೆ ಅವಸರ ಮಾಡಬ್ಯಾಡ, ಅದು ತಾನಾಗೇ ಬರ್ತೈತಿ." ನನ್ನ ಬೆನ್ನ ಹಿಂದೆ ನಿಂತು ಇಷ್ಟು ಹೇಳುತ್ತಿದ್ದರು. ನಾನು ಹೊಡೆದ ಮೇಲೆ ನಿಧಾನವಾಗಿ ನಡೆದು ಹೋಗಿ, ಬೇಲಿಗೆ ಮೂಗು ತಾಗುವಷ್ಟು ಬಗ್ಗಿ ಹುಡುಕಿ, ಅಲ್ಲಿಂದಲೇ ಕೂಗುತ್ತಿದ್ದರು. "ಹತ್ತು! ಒಂದು ಕೂದಲು ಕೆಳಗ." ಕೆಲವು ಸಲ, "ಒಂಬತ್ತು, ಒಂದು ಕೂದಲು ಕೆಳಗ, ಎಡಕ್ಕ." ನನ್ನದು ಯಾವಾಗಲೂ ಒಂದು ಕೂದಲು ಕೆಳಗೇ ಇರುತ್ತಿತ್ತು. ಅದೊಂದು ಬಿಟ್ಟರೆ ನನ್ನಂಥ ಗುರಿಗಾರ್ತಿ ಇಡೀ ಜಿಲ್ಲೆಯಲ್ಲಿ ಇಲ್ಲ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಾನೂ ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ. ಯಾಕೆ ಸುಳ್ಳು ಹೇಳಲಿ?

ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಮೇಲೆ ಸಿಟ್ಟಿತ್ತು. ಕರ್ನೂಲಿನಲ್ಲಿ ನಡೆಯುವ ಪಂದ್ಯಕ್ಕೆ ನನ್ನ ಹೆಸರು ಕೊಡಿ ಎಂದು ಎಷ್ಟು ಸಲ ಕೇಳಿದರೂ ಏನಾದರೊಂದು ನೆವ ಹೇಳುತ್ತಿದ್ದರು. ಸೀಸನ್ ಇದೆ, ಲೋಡಿಂಗ್ ಇದೆ, ಅಲ್ಲಿ ಕಾಗದದ ಗುರಿ, ನಮಗೆ ರೂಢಿ ಇಲ್ಲ. ಹೆಂಡತಿ ನಾಲ್ಕು ಜನರ ಮುಂದೆ ಗೆದ್ದು ಬಂದರೆ ಗಂಡಸಿಗೆ ಹೊಟ್ಟೆ ಉರಿಯುತ್ತದೆ ಎಂದು ನಾನು ಅಂದುಕೊಂಡೆ. ಅವರ ಮುಖಕ್ಕೇ ಅಂದೆ ಕೂಡ. ಅವರು ನಕ್ಕು, "ಹೌದು, ಭಾಳ ಉರೀತೈತಿ" ಎಂದು ವಿಭೂತಿ ಗಟ್ಟಿ ಹಿಡಿದು ಎದ್ದು ಹೋದರು.

ಹೋದ ಬೇಸಿಗೆಯಲ್ಲಿ ಅವರು ಹೋಗಿಬಿಟ್ಟರು. ಬೆಳಿಗ್ಗೆ ಮಾರ್ಕೆಟ್ ಯಾರ್ಡಿಗೆ ಹೋದವರು ಅಲ್ಲೇ ಕುಸಿದರಂತೆ. ಅದರ ಬಗ್ಗೆ ಬರೆಯಲು ನನಗೆ ಕೈ ಏಳುವುದಿಲ್ಲ.

ಬಂದವರೆಲ್ಲ ಹೋದ ಮೇಲೆ ಮತ್ತೆ ಭಾನುವಾರ ಬಂತು. ರೈಫಲ್ ತೆಗೆದುಕೊಂಡು ಗೋದಾಮಿಗೆ ಹೋದೆ. ವಿಭೂತಿಯಿಂದ ಚಕ್ರ ಬರೆದು, ಗೆರೆಯ ಮೇಲೆ ನಿಂತು, ಉಸಿರು ಅರ್ಧ ಬಿಟ್ಟು ಹೊಡೆದೆ. ಹತ್ತಿ ನುಂಗಿತು. ಯಾರೂ ಏನೂ ಹೇಳಲಿಲ್ಲ. ಎಷ್ಟು ಹೊತ್ತು ಹಾಗೇ ಕಾಯುತ್ತಾ ನಿಂತಿದ್ದೆನೋ ಗೊತ್ತಿಲ್ಲ. ಕೊನೆಗೆ ರೈಫಲ್ ಕೆಳಗಿಟ್ಟು, ನಾನು ಹೊಡೆದದ್ದಕ್ಕೆ ಮೊದಲ ಸಲ ಗೆರೆ ದಾಟಿ, ನಾನೇ ನೋಡಲು ಹೋದೆ. ಎಳೆ ಸರಿದದ್ದು ಚಕ್ರದೊಳಗೆ ಎಲ್ಲೂ ಕಾಣಲಿಲ್ಲ. ಗೇಣು ಕೆಳಗೆ ಸಿಕ್ಕಿತು. ಇನ್ನೊಂದು ಹೊಡೆದೆ, ಅದೂ ಅಲ್ಲೇ. ತಿಂಗಳುಗಟ್ಟಲೆ ಹೀಗೇ ಆಯಿತು. ಅವರ ಜೊತೆಗೆ ನನ್ನ ಕೈಯೂ ಸತ್ತುಹೋಯಿತು ಎಂದು ತಿಳಿದೆ. ಮನೆ ಖಾಲಿಯಾದದ್ದನ್ನು ಹೇಗೋ ತಡೆದುಕೊಂಡಿದ್ದೆ, ಇದನ್ನು ತಡೆಯಲಾಗಲಿಲ್ಲ. ಆ ಒಂದು ವಿದ್ಯೆ ಅವರು ನನ್ನಲ್ಲಿ ಬಿಟ್ಟುಹೋದದ್ದು ಅಂದುಕೊಂಡಿದ್ದೆ, ಅದೂ ಉಳಿಯಲಿಲ್ಲವಲ್ಲ ಎಂದು ಗೋದಾಮಿನಲ್ಲಿ ಕೂತು ಅತ್ತೆ.

ರೈಫಲ್ ಕೊಟ್ಟುಬಿಡುವುದೆಂದು ಗಟ್ಟಿ ಮಾಡಿದೆ. ಎಮ್ಮಿಗನೂರಿನ ಒಬ್ಬ ವ್ಯಾಯಾಮದ ಮೇಷ್ಟ್ರು ಬರುವ ಭಾನುವಾರ ನೋಡಲು ಬರುತ್ತೇನೆ ಅಂದರು.

ಅದಕ್ಕೆ ಮೊದಲು, ಗುರುವಾರ, ಮಿಲ್ಲಿನ ಗುಮಾಸ್ತನ ಫೋನು ಬಂತು. ನನ್ನ ಮೈದುನ, ಈಗ ಮಿಲ್ಲು ನೋಡಿಕೊಳ್ಳುವವನು, ಹಳೆಯ ಬೇಲುಗಳನ್ನೆಲ್ಲ ಒಂದು ನೂಲಿನ ಗಿರಣಿಗೆ ಮಾರಿದ್ದನಂತೆ. "ಅಮ್ಮಾ, ನಿಮ್ಮ ವಿಭೂತಿ ಬೇಲೂ ಲಾರಿ ಏರೈತ್ರಿ. ಹಮಾಲರಿಗೆ ಗೊತ್ತಾಗಿಲ್ಲ. ಏಮಿ ಚೇಯಾಲಿ?" ಗಾಬರಿಯಾದರೆ ಅವನ ಬಾಯಲ್ಲಿ ತೆಲುಗು ಬರುತ್ತದೆ. ಏನೂ ಮಾಡಬೇಡ, ಲಾರಿ ನಿಲ್ಲಿಸು ಎಂದು ಹೇಳಿ ಆಟೋ ಹಿಡಿದು ಓಡಿದೆ.

ನಾನು ಹೋಗುವಷ್ಟರಲ್ಲಿ ಬೇಲನ್ನು ಅಂಗಳಕ್ಕೆ ಉರುಳಿಸಿದ್ದರು. ಮೈದುನ ತಲೆ ಹಿಡಿದುಕೊಂಡು ನಿಂತಿದ್ದ.

"ಅತ್ತಿಗಿ, ಇದರಾಗ ಸೀಸ ತುಂಬೈತಿ. ಗಿರಣಿ ಮಷಿನಿಗೆ ಸಿಕ್ಕಿದ್ದರ ಲಾಟ್ ಪೂರಾ ವಾಪಸ್ ಬರ್ತಿತ್ತು. ನಮ್ಮ ಮಿಲ್ಲಿನ ಹೆಸರು ಏನಾಗಬೇಕು?"

"ಅದು ನನ್ನ ಬೇಲು. ಗೋದಾಮಿನಾಗ ಇಡು."

"ಇಟ್ಟರ ಇನ್ನೊಂದು ದಿನ ಹಿಂಗೇ ಲಾರಿ ಏರ್ತೈತಿ. ಬಿಚ್ಚಿ ಸೀಸ ಆರಿಸಿ ತೆಗೀಸ್ತೀನಿ. ಗುರಿಗೆ ಬೇರೆ ಬೇಲು ಕೊಡ್ತೀನಿ ಬಿಡ್ರಿ."

ಅವನು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಬೇರೆಯವರು ಮುಟ್ಟುವುದು ಬೇಡ, ನಾನೇ ಆರಿಸುತ್ತೇನೆ ಅಂದೆ. ಪಟ್ಟಿ ಕತ್ತರಿಸಿದರು. ಅಷ್ಟು ವರ್ಷ ಅದುಮಿಟ್ಟಿದ್ದ ಅರಳೆ ನಿಟ್ಟುಸಿರು ಬಿಟ್ಟ ಹಾಗೆ ಮೇಲೆದ್ದಿತು. ಒತ್ತಿದ ಅರಳೆ ರೊಟ್ಟಿಯ ಹಾಗೆ ಪದರ ಪದರವಾಗಿ ಏಳುತ್ತದೆ. ನೆಲದ ಮೇಲೆ ಕೂತು ಒಂದೊಂದೇ ಪದರ ಎತ್ತಿದೆ.

ಎಡಗಡೆ ಅವರ ಗುಂಡುಗಳಿದ್ದವು. ಎಲ್ಲ ಒಂದು ಮುಷ್ಟಿಯಷ್ಟು ಜಾಗದಲ್ಲಿ, ಒಂದರ ಬೆನ್ನಿಗೆ ಒಂದು ಅಂಟಿಕೊಂಡು ಗಂಟಾಗಿದ್ದವು. ಅವರ ಗುರಿ ನನಗೆ ಗೊತ್ತಿದ್ದದ್ದೇ, ಅದನ್ನು ಕೂಗುತ್ತಿದ್ದವಳು ನಾನೇ. ಬಲಗಡೆ ನನ್ನ ಗಂಟು ಹುಡುಕಿದೆ. ಗಂಟು ಇರಲಿಲ್ಲ. ಹೊಲಕ್ಕೆ ಬೀಜ ಎರಚಿದ ಹಾಗೆ ಆ ಕಡೆಯ ಅರಳೆಯ ತುಂಬ ಬಿದ್ದಿದ್ದವು. ನಡುವಿನ ಬೊಟ್ಟಿದ್ದ ಜಾಗದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು, ಉಳಿದದ್ದೆಲ್ಲ ಕೆಳಗೆ. ಗೇಣು ಕೆಳಗೆ, ಕೆಲವು ಅದಕ್ಕೂ ಕೆಳಗೆ. ಈಗಿನ ತಿಂಗಳುಗಳದ್ದು ಇರಬೇಕು ಎಂದು ಮೊದಲು ಅಂದುಕೊಂಡೆ. ಆದರೆ ಒಬ್ಬಳೇ ಆದ ಮೇಲೆ ನಾನು ಅಷ್ಟು ಗುಂಡು ಹೊಡೆದೇ ಇಲ್ಲ. ಎಷ್ಟೋ ಗುಂಡುಗಳ ಮೇಲೆ ಸೀಸ ಹಳತಾಗಿ ಬಿಳಿಪುಡಿ ಕೂತಿತ್ತು.

ನನ್ನ ಕೈ ಸತ್ತಿರಲಿಲ್ಲ. ಅದು ಮೊದಲಿನಿಂದಲೂ ಇಷ್ಟೇ ಇತ್ತು.

ಮೊದಲು ಬಂದದ್ದು ಕೋಪ. ಎಂಥಾ ಸುಳ್ಳುಗಾರ ಎಂದು ಗುಮಾಸ್ತನ ಎದುರಿಗೇ ಬೈದೆ. ಕರ್ನೂಲಿಗೆ ಯಾಕೆ ಕಳಿಸಲಿಲ್ಲ ಎಂಬುದು ಆಗ ತಿಳಿಯಿತು. ಅಲ್ಲಿ ಕಾಗದ ಇತ್ತು, ಕಾಗದದ ತೂತು ಉಜ್ಜಿ ಮುಚ್ಚಲು ಬರುವುದಿಲ್ಲ. ಭಾನುವಾರ ಭಾನುವಾರವೂ ಆ ಮನುಷ್ಯ ಬೇಲಿಗೆ ಮೂಗು ತಾಗಿಸಿ, ಗೇಣು ಕೆಳಗೆ ನನ್ನ ಗುಂಡು ಕಂಡು, ಅದನ್ನು ಅಂಗೈಯಿಂದ ಮುಚ್ಚಿ, ಹತ್ತು ಎಂದು ಕೂಗಿದ್ದರು. ಆಮೇಲೆ ಇನ್ನೊಂದು ತಿಳಿಯಿತು. ಗೇಣನ್ನು ಕೂದಲು ಮಾಡಿದ್ದರೇ ಹೊರತು, ಕೆಳಗೆ ಬಿದ್ದದ್ದನ್ನು ಮೇಲೆ ಅಂದಿರಲಿಲ್ಲ. ಎಡಕ್ಕೆ ಬಿದ್ದದ್ದನ್ನು ಬಲಕ್ಕೆ ಅಂದಿರಲಿಲ್ಲ. ಎಷ್ಟು ಎಂಬುದರಲ್ಲಿ ಸುಳ್ಳಿತ್ತು, ಎಲ್ಲಿಗೆ ಎಂಬುದರಲ್ಲಿ ಇರಲಿಲ್ಲ. ನಾನು ತಿದ್ದಿಕೊಳ್ಳಲಿ ಎಂದು ಕಾದಿದ್ದರು. ನಾನು ಹತ್ತು ಎಂಬುದನ್ನಷ್ಟೇ ಕೇಳಿಸಿಕೊಂಡಿದ್ದೆ. ಮಡಿಲ ತುಂಬ ಅರಳೆ ಹಾಕಿಕೊಂಡು, ಹಮಾಲರು ನೋಡುತ್ತಾರೆಂಬ ಎಗ್ಗೂ ಇಲ್ಲದೆ ಅತ್ತೆ. ಅವರು ಹೋದ ದಿನವೂ ನನಗೆ ಹಾಗೆ ಅಳು ಬಂದಿರಲಿಲ್ಲ.

ಭಾನುವಾರ ಮೇಷ್ಟ್ರು ಬಂದರು. ಗೋದಾಮಿನಲ್ಲಿ ಮೈದುನ ಕೊಟ್ಟ ಹೊಸ ಬೇಲು ಇತ್ತು, ಅದರ ಮೇಲೆ ವಿಭೂತಿಯ ಚಕ್ರ ಬರೆದಿಟ್ಟಿದ್ದೆ. ರೈಫಲ್ ಮಡಚಿ, ಬಿಡಿಸಿ, ಭುಜಕ್ಕಿಟ್ಟು ನೋಡಿ, "ಚಾಲಾ ಬಾಗುಂದಮ್ಮಾ" ಎಂದು ಮೆಚ್ಚಿಕೊಂಡರು. ಕೊಡುವ ಮೊದಲು ಒಂದು ಹೊಡೆಯುತ್ತೇನೆ, ಆಮೇಲೆ ನೀವು ಹೋಗಿ ನೋಡಿ ಹೇಳಿ ಅಂದೆ. ಹೊಡೆದೆ. ನಳಿಗೆ ಕೆಳಗಿಟ್ಟ ಮೇಲೆ ಅವರು ಹೋಗಿ ಹುಡುಕಿದರು.

"ಚಕ್ರದಾಗ ಇಲ್ರಿ ಅಮ್ಮಾ. ಭಾಳ ಕೆಳಗ ಬಿದ್ದೈತಿ," ಅಂದರು ಮೇಷ್ಟ್ರು, ಸಂಕೋಚದಿಂದ.

ಅದು ಖರೆ. ನನಗೆ ಖರೆ ಹೇಳುವವರು ಇನ್ನು ಮುಂದೆ ಬೇಕಾದಷ್ಟು ಜನ ಸಿಗುತ್ತಾರೆ. ರೈಫಲ್ ಕೊಡುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಅವರಿಗೆ ಚಹಾ ಕುಡಿಸಿ ಕಳಿಸಿದೆ.

ಆಮೇಲೆ ಒಬ್ಬಳೇ ಗೆರೆಯ ಮೇಲೆ ನಿಂತೆ. ಉಸಿರು ಅರ್ಧ ಬಿಟ್ಟೆ, ತಡೆದೆ, ಬೆರಳಿಗೆ ಅವಸರ ಮಾಡಲಿಲ್ಲ. ಹತ್ತಿ ನುಂಗಿತು. ರೈಫಲ್ ಕೆಳಗಿಟ್ಟು ಹೋಗಿ ಬೇಲಿಗೆ ಮೂಗು ತಾಗಿಸಿ ಹುಡುಕಿದೆ. ಈ ಸಲ ಗೇಣಿರಲಿಲ್ಲ, ನಾಲ್ಕು ಬೆರಳಿತ್ತು. ಅಂಗೈಯಿಂದ ಉಜ್ಜಿ ಎಳೆ ಕೂಡಿಸಿದೆ, ಮೇಲೆ ವಿಭೂತಿ ಸವರಿದೆ. ಆಮೇಲೆ ಗೆರೆಯ ಕಡೆ ತಿರುಗಿ, ಅಲ್ಲಿ ಯಾರೂ ಇಲ್ಲದಿದ್ದರೂ, ಗೋದಾಮು ತುಂಬುವ ಹಾಗೆ ಕೂಗಿದೆ: "ಹತ್ತು! ಒಂದು ಕೂದಲು ಕೆಳಗ."