ಶಾಂತಕ್ಕ ಬರಿಸಿದ ಚಿತ್ರ

ಶಾಂತಕ್ಕ ಹೊಸ ಟೀವಿಯ ಹಿಂದೆ ಕೈಯಿಟ್ಟು, ಹಳೆಯ ಡಿವಿಡಿ ಪ್ಲೇಯರಿನ ವೈರು ಸಿಕ್ಕಿಸುವ ಜಾಗವನ್ನು ಬೆರಳಲ್ಲೇ ಹುಡುಕುತ್ತಿದ್ದರು. ವೈರುಗಳು ಹಳದಿ, ಕೆಂಪು, ಬಿಳಿ. ಅವರಿಗೆ ಯಾವ ಬಣ್ಣವೂ ಕಾಣದು. ಕಾಯಿಲೆಯಿಂದ ಕಣ್ಣು ಹೋಗಿ ವರ್ಷಗಳಾಗಿವೆ. ಸಿಂಗಾನಲ್ಲೂರಿನ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ನಾನು, "ಕೊಡಿ ಅಕ್ಕ, ನಾನು ಹಾಕ್ತೀನಿ" ಎಂದೆ.

"ಬೇಡಮ್ಮಾ. ನೀನು ಆಫೀಸಿಗೆ ಹೋದಾಗ ಅತ್ತೆ ನೋಡಬೇಕು ಅಂದ್ರೆ? ನಾನೇ ಕಲೀತೀನಿ."

ಹಾಸಿಗೆ ಹಿಡಿದಿದ್ದ ಶಾಂತಕ್ಕನ ಅತ್ತೆಗೆ, ಆ ಅಜ್ಜಿಗೆ, ಮೊಮ್ಮಗಳ ಭರತನಾಟ್ಯದ ಡಿವಿಡಿಯನ್ನು ಮತ್ತೆ ನೋಡುವ ಆಸೆ. ಶಾಂತಕ್ಕ ವೈರುಗಳನ್ನು ಅದಲುಬದಲು ಮಾಡುತ್ತಾ ಕಿವಿಗೊಟ್ಟರು. ಮೃದಂಗ ಕೇಳಿಸಿದ್ದೇ ಸದ್ದಿನ ವೈರುಗಳಿಗೆ ನೂಲು ಸುತ್ತಿ ಗುರುತು ಮಾಡಿಕೊಂಡರು. ಉಳಿದದ್ದು ಚಿತ್ರದ್ದು. ಅದನ್ನು ಒಂದೊಂದೇ ಕಡೆ ಸಿಕ್ಕಿಸಿ, "ಅತ್ತೆ, ತೆರಿಯುದಾ? ಕಾಣ್ತದಾ?" ಎಂದು ಊರಿನ ತಮಿಳು ಬೆರೆಸಿ ಕೇಳುತ್ತಾ ಹೋದರು.

"ಬಂದ್ಲು! ಆದ್ರೆ ಸೀರೆಗೆ ಬಣ್ಣಾನೇ ಇಲ್ಲ" ಎಂದರು ಅಜ್ಜಿ.

ಶಾಂತಕ್ಕ ರಿಮೋಟಿನ ಗುಂಡಿ ತಡವಿ ಒತ್ತಿದರು. ಪರದೆಯ ಮೇಲೆ ಬಂದ ವೈರು ಜೋಡಣೆಗಳ ಹೆಸರುಗಳನ್ನು ಓದಿ ಹೇಳಿದ್ದಷ್ಟೇ ನನ್ನ ಕೆಲಸ. ಹಳೆಯ ಪ್ಲೇಯರಿಗೆ ಹೊಂದುವ 'ಎವಿ' ಎಂದದ್ದೇ ಅವರು ಅದನ್ನು ಆರಿಸಿದರು. ಸೀರೆ ಅಚ್ಚ ಹಸಿರಾಯಿತು. ಅಜ್ಜಿ ಚಪ್ಪಾಳೆ ತಟ್ಟಿದರು.

ಶಾಂತಕ್ಕ ಹಾಸಿಗೆಯ ಅಂಚಿನಲ್ಲಿ ಕೂತು, ಮಗಳ ಗೆಜ್ಜೆಯ ಸದ್ದಿನತ್ತ ಮುಖ ಮಾಡಿ, "ನಗ್ತಾ ಇದಾಳಾ ಅತ್ತೆ?" ಎಂದು ಕೇಳಿದರು. ಅಜ್ಜಿ ಅವರ ಕೈಹಿಡಿದು ಒಂದೊಂದೇ ಹೆಜ್ಜೆ, ಒಂದೊಂದೇ ಮುದ್ರೆಯನ್ನು ವರ್ಣಿಸತೊಡಗಿದರು. ಅತ್ತೆಗಾಗಿ ಸೊಸೆ ಚಿತ್ರ ಬರಿಸಿದ್ದರು. ಸೊಸೆಗಾಗಿ ಅತ್ತೆ ಅದನ್ನು ನೋಡುತ್ತಿದ್ದರು. ನಾನು ಸದ್ದಿಲ್ಲದೆ ಎದ್ದು ಮಹಡಿ ಹತ್ತಿದೆ.