ನನ್ನ ಬಿಲ್ಡ್ ಫೋಲ್ಡರಿಗೆ ಕೈಯಿಟ್ಟವಳು

ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಲಕ್ಷ್ಮೇಶ್ವರದ ಬಳೆ ವ್ಯಾಪಾರಿಯ ಮಗಳು. ದಿನಾ ಅಷ್ಟು ದೂರದಿಂದ ಬಸ್ಸಿನಲ್ಲಿ ಗದಗಕ್ಕೆ ಬಂದರೂ, ಬೆಟಗೇರಿಯಿಂದ ಬರುವ ನನಗಿಂತ ಮುಂಚೆ ಆಫೀಸಿನಲ್ಲಿ ಹಾಜರು. ಗದಗ ಜಿಲ್ಲೆಯಾದ ಮೇಲೆ ಎದ್ದ ಕಟ್ಟಡವೊಂದರಲ್ಲಿ, ಬಟ್ಟೆ ಅಂಗಡಿಯ ಮೇಲೆ, ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸು. ಮಾಲೀಕರು, ನಾನು, ಹೊಸದಾಗಿ ಅವಳು. ಸಿಂಗಟಾಲೂರು ಕಡೆಯ ರೈತರ ಸಂಘವೊಂದಕ್ಕೆ, ಯಾರ ಹೊಲಕ್ಕೆ ಯಾವಾಗ ನೀರು ಎಂದು ಹೇಳುವ ಪ್ರೋಗ್ರಾಮನ್ನು ನಾನು ಬರೆಯುತ್ತಿದ್ದೆ. ಮುಂಡರಗಿಗೆ ಹೋಗಿ ರೈತರ ಮುಂದೆ ಅದನ್ನು ನಡೆಸಿ ತೋರಿಸುವವಳೂ ನಾನೇ ಆಗಬೇಕೆಂಬುದು ನನ್ನ ಆಸೆ.

ನಾವು ಬರೆದ ಕೋಡೆಲ್ಲ ಗಿಟ್ ಎಂಬ ಕಂಪ್ಯೂಟರ್ ಉಗ್ರಾಣದಲ್ಲಿ ಇರುತ್ತಿತ್ತು. ಯಾರು ಯಾವ ಸಾಲು ಬರೆದರು, ಯಾವಾಗ ತಿದ್ದಿದರು ಎಂಬುದನ್ನು ಅದು ಮರೆಯುವುದಿಲ್ಲ. ಆ ಕೋಡಿನಿಂದ ಕಂಪ್ಯೂಟರ್ ತಾನೇ ತಯಾರಿಸುವ ಬಿಲ್ಡ್ ಫೈಲುಗಳನ್ನೂ ನಾನು ಅದರಲ್ಲೇ ತುಂಬುತ್ತಿದ್ದೆ. ಬೇಕೆಂದಾಗ ಮತ್ತೆ ತಯಾರಿಸಲು ಕರೆಂಟಿನ ಭರವಸೆ ಯಾರಿಗಿತ್ತು? ಕಟಕ ರೊಟ್ಟಿ ಬಡಿದು ವಾರಕ್ಕಾಗುವಷ್ಟು ಬುಟ್ಟಿ ತುಂಬಿಡುವ ಮನೆಯಲ್ಲಿ ಬೆಳೆದವಳು ನಾನು. ಮೇಲಾಗಿ ಆ ಸಾಲುಗಳೆಲ್ಲ ನನ್ನ ಹೆಸರಿಗೇ ಜಮೆಯಾಗಿ, ಯಾರ ಕೆಲಸ ಎಷ್ಟೆಂದು ಮಾಲೀಕರಿಗೆ ತೋರಿಸುವ ಪರದೆಯಲ್ಲಿ ನನ್ನ ಹಸಿರು ಕಂಬ ಮುಗಿಲು ಮುಟ್ಟುತ್ತಿತ್ತು.

ಅವಳು ಬಂದ ವಾರವೇ ಮೂಗು ತೂರಿಸಿದಳು.

“ಅಕ್ಕಾ, ಈ ಬಿಲ್ಡ್ ಫೈಲೆಲ್ಲ ಇಲ್ಯಾಕ ಇಟ್ಟೀರಿ?”

“ಮಾಡಿಟ್ಟ ರೊಟ್ಟಿ ಯಾರರ ಚೆಲ್ತಾರೇನು?” ಎಂದೆ.

“ಹಿಟ್ಟು ಕಳಿಸಿದ್ರ ಸಾಕ್ರಿ, ರೊಟ್ಟಿ ಅಲ್ಲೇ ಬಡದ್ರಾತು. ಇಷ್ಟೆಲ್ಲಾ ಇದ್ರ ಮುಂಡರಗ್ಯಾಗ ನೆಟ್‌ನಿಂದ ಇಳಸಾಕ ಅರ್ಧಾ ದಿನ ಬೇಕು.”

ಮಾಲೀಕರು ತಲೆದೂಗಿದರು. ಬಿಲ್ಡ್ ಫೋಲ್ಡರನ್ನು ಗಿಟ್ ಇನ್ನು ಮುಟ್ಟಬಾರದೆಂದು ಅವಳು ಒಂದೇ ಒಂದು ಸಾಲು ಬರೆದಳು. ಗಿಟ್ ಇಟ್ಟುಕೊಂಡಿದ್ದ ಹಳೆಯ ದಾಖಲೆಗಳಿಂದಲೂ ಆ ಫೈಲುಗಳನ್ನು ಕಿತ್ತುಹಾಕಿದಳು. ನನ್ನ ಕಂಬ ಮೊಣಕಾಲುದ್ದವಾಯಿತು. ತಿಂಗಳುಗಟ್ಟಲೆ ಬರೆದವಳು ನಾನು, ಹೊಗಳಿಕೆ ಒಂದು ಸಾಲಿನವಳಿಗೆ! “ಕೆಲಸ ಅಂದ್ರ ಹಿಂಗಿರಬೇಕ ನೋಡ್ರಿ” ಎಂದು ಮಾಲೀಕರು ಮುಂಡರಗಿಗೂ ಅವಳನ್ನೇ ಕಳಿಸಿದರು. ಅಲ್ಲಿ ನೆಟ್‌ವರ್ಕ್ ಸಿಗದೆ ರೈತರ ಮುಂದೆ ಪೇಚಾಡಲಿ ಎಂದು ಮನಸಾರೆ ಹಾರೈಸಿದೆ.

ಅವಳು ಹೋದ ದಿನವೇ ಮಧ್ಯಾಹ್ನ ಅವಳ ಫೋನ್ ಬಂತು.

“ಅಕ್ಕಾ, ಚಾ ಬರೂದ್ರಾಗ ಎಲ್ಲಾ ಇಳೀತ್ರಿ. ಕೊರ್ಲಹಳ್ಳಿ ಯಜಮಾನ್ರೊಬ್ರು ತಮ್ಮ ನೀರಿನ ಪಾಳಿ ನೋಡಿ ಭಾಳ ಖುಷಿ ಆದ್ರು. ಯಾರು ಬರದಾರ ಇದನ್ನ ಅಂತ ಕೇಳಿದ್ರು. ಗಿಟ್ ತಗದು ತೋರಿಸಿದೆ. ಆ ಕಸ ಹೋದಮ್ಯಾಲೆ ಉಳದಿದ್ದೆಲ್ಲಾ ನಿಮ್ಮ ಕೈಲೆ ಬರದದ್ದು, ಸಾಲಿಗೊಮ್ಮೆ ನಿಮ್ಮ ಹೆಸರಽ ಐತಿ. ಅದನ್ನಽ ಹೇಳೀನ್ರಿ.”

“ಆತು” ಎಂದು ಫೋನ್ ಇಟ್ಟೆ. ಯಾರಾದರೂ ಹೇಳಲಿ ಎಂದು ನಾನು ಇಷ್ಟು ದಿನ ಕಾದಿದ್ದ ಮಾತು ಅದೇ. ಅದನ್ನೂ ಅವಳ ಬಾಯಿಂದಲೇ ಕೇಳಬೇಕಾಯಿತಲ್ಲ!